ಅತ್ತೆಗಾಗಿ ಬಾರಿಸಿದ ಗಂಟೆ

ಅತಿವೇಗದಲ್ಲಿ ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದವರನ್ನು ಕಂಡರೆ ನನಗೆ ಮೊದಲೆಲ್ಲ ಒಳಗೊಳಗೇ ಸಂತೋಷವಾಗುತ್ತಿತ್ತು. ಹಾಗೇ ಆಗಬೇಕು, ಸ್ವಲ್ಪ ಬುದ್ಧಿ ಬರಲಿ ಎಂದುಕೊಳ್ಳುತ್ತಿದ್ದೆ. ಏಕೆಂದರೆ ನಾನು ಹುಟ್ಟಿನಿಂದಲೇ ನಿಧಾನದ ಮನುಷ್ಯ. ಊಟದ ಪಂಕ್ತಿಯಲ್ಲಿ ಉಳಿದವರೆಲ್ಲ ಕೈ ತೊಳೆದು ಬಂದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಾನಿನ್ನೂ ಸಾರನ್ನದಲ್ಲಿರುತ್ತೇನೆ. ಊರಿನಲ್ಲಿ ನಾನು ಸೈಕಲ್ ತುಳಿಯುವಾಗ ಪಕ್ಕದಲ್ಲಿ ನಡೆದು ಬರುವವರು ಆರಾಮವಾಗಿ ಲೋಕಾಭಿರಾಮ ಮಾತಾಡಿಕೊಂಡೇ ಬರುತ್ತಿದ್ದರು. ಇಂಥ ನನ್ನನ್ನು ಬಹ್ರೈನಿನ ಟ್ರಾಫಿಕ್ ಪೊಲೀಸರು ಅತಿವೇಗಕ್ಕಾಗಿ ಹಿಡಿದು ಲೈಸೆನ್ಸ್ ಕಸಿದುಕೊಂಡರು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಂಬಿಸಲು ಹೋದರೆ, ಯಾರದೋ ತಪ್ಪನ್ನು ನೀನು ತಲೆ ಮೇಲೆ ಹಾಕಿಕೊಂಡಿರಬೇಕು ಎನ್ನುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ.

ಎಂಬತ್ತರ ದಶಕದ ಮಾತು. ಸಲ್ಮಾಬಾದಿನಲ್ಲಿ ಏರ್‌ಕಂಡೀಷನರ್ ರಿಪೇರಿ ಮಾಡುವ ಒಂದು ಸಣ್ಣ ಕಂಪೆನಿಯಲ್ಲಿ ನಾನು ಸೂಪರ್‌ವೈಸರ್. ಕೆಲಸ ಏನೆಂದರೆ, ವ್ಯಾನು ಓಡಿಸಿಕೊಂಡು ಅವಾಲಿಯ ಎಣ್ಣೆ ಕಂಪೆನಿ ಬಂಗಲೆಗಳಿಗೆ ಹೋಗುವುದು, ಕೆಟ್ಟ ಏಸಿಯ ಮುಂದೆ ಕೈಯೊಡ್ಡಿ ನಿಂತು ಗಂಭೀರವಾಗಿ 'ಗ್ಯಾಸ್ ಹೋಗಿದೆ' ಎನ್ನುವುದು, ಮರಳಿ ಬಂದು ಮೆಕ್ಯಾನಿಕ್‌ಗಳನ್ನು ಕಳಿಸುವುದು. ಲೈಸೆನ್ಸ್ ಇಲ್ಲದವನಿಗೆ ಈ ಕೆಲಸವಿಲ್ಲ. ಈ ಕೆಲಸವಿಲ್ಲದಿದ್ದರೆ ಗುದೈಬಿಯಾದಲ್ಲಿ ಕಂಪೆನಿ ಕೊಟ್ಟ ಎರಡು ಕೋಣೆಯ ಫ್ಲ್ಯಾಟಿಲ್ಲ. ಫ್ಲ್ಯಾಟಿಲ್ಲದಿದ್ದರೆ ಹೆಂಡತಿ ಸುಮತಿ ಇಲ್ಲಿ ಉಳಿಯುವಂತಿಲ್ಲ. ಅಂದರೆ ನನ್ನ ಸಂಸಾರ ನಿಂತದ್ದೇ ಅಂಗೈಯಗಲದ ಆ ಲೈಸೆನ್ಸಿನ ಮೇಲೆ. ಅದನ್ನು ಪಡೆಯಲು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಪರೀಕ್ಷೆ ಮಾಡುವ ಪೊಲೀಸ್ ಅಧಿಕಾರಿ ನನ್ನನ್ನು ಕಂಡೊಡನೆ ನೆಂಟರ ಹಾಗೆ ಮನೆಮಂದಿಯ ಕುಶಲ ವಿಚಾರಿಸುತ್ತಿದ್ದರು, ಅಷ್ಟು ಸಲ ಫೇಲಾಗಿದ್ದೆ. ಕಾರಣ ಪ್ರತಿ ಸಲವೂ ಒಂದೇ. ಪಕ್ಕದಲ್ಲಿ ಕೂತು 'ಯಲ್ಲಾ, ಯಲ್ಲಾ' ಎಂದು ಅವಸರಪಡಿಸಿ ಸುಸ್ತಾಗಿ ಕೊನೆಗೆ ಅವರು ಕಿಟಕಿಯ ಹೊರಗೆ ಇಣುಕಿ, ಕಾರು ಹೋಗುತ್ತಿದೆಯೋ ನಿಂತಿದೆಯೋ ಎಂದು ನೋಡಿಕೊಳ್ಳುತ್ತಿದ್ದರು.

ಲೈಸೆನ್ಸ್ ಸಿಕ್ಕಿದ ಮೇಲೆ ನನ್ನ ಸ್ವಂತಕ್ಕೆಂದು ಒಂದು ಹಳೆಯ ಜಪಾನಿ ಕಾರು ಕೊಂಡೆ. ಮಾರಿದವರು ಹಮ್ಜಾಕ, ಮಂಗಳೂರು ಕಡೆಯ ಬ್ಯಾರಿ, ಸಲ್ಮಾಬಾದಿನಲ್ಲೇ ಅವರ ಗ್ಯಾರೇಜು. 'ಮುಳ್ಳು ನೂರು ದಾಟಿದ್ರೆ ಒಳಗೆ ಒಂದು ಗಂಟೆ ಹೊಡಿತದೆ ಮಾರಾಯ್ರೆ. ಹೆದರ್ಬೇಡಿ. ಮೆಲ್ಲ ಹೋಗು ಅಂತ ಕಾರೇ ನಮಗೆ ಹೇಳುದು' ಎಂದಿದ್ದರು. ನನ್ನ ಕಾರಿಗೆ ಆ ಮಾತು ಹೇಳುವ ಪ್ರಸಂಗ ಒಂದು ದಿನವೂ ಬರಲಿಲ್ಲ. ಅಂಥ ಗಂಟೆಯೊಂದಿದೆ ಎಂಬುದನ್ನೇ ನಾನು ಮರೆತುಬಿಟ್ಟೆ. ಡ್ಯಾಶ್‌ಬೋರ್ಡಿನ ಮೇಲೆ ಸುಮತಿ ಅಂಟಿಸಿದ್ದ ಹೆಬ್ಬೆರಳುದ್ದದ ಗಣಪತಿಯೂ ನಾನೂ ನಿಧಾನವಾಗಿ ಓಡಾಡಿಕೊಂಡಿದ್ದೆವು.

ಹೀಗಿರುವಾಗ ಊರಿನಿಂದ ಅತ್ತೆ ಬಂದರು. ನಮ್ಮ ಕಡೆ ಹಳೆಯ ಸಂಪ್ರದಾಯದ ಅತ್ತೆಯಂದಿರು ಅಳಿಯನೊಡನೆ ನೇರವಾಗಿ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಾರೆ, ಮಗಳು ಗಂಡನಿಗೆ ಹೇಳುತ್ತಾಳೆ, ಪಕ್ಕದಲ್ಲೇ ಕೂತ ಅಳಿಯ ಎರಡನೆಯ ಸಲ ಕೇಳಿಸಿಕೊಂಡ ಮೇಲೆಯೇ ತಲೆಯಾಡಿಸಬೇಕು. ನನ್ನ ಅಮ್ಮನ ಕಡೆಯ ಅಜ್ಜಿಯಂತೂ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ನನ್ನ ಅಪ್ಪನಿಗೆ ಕೇಳಿಸುವಂತೆ ಬೆಕ್ಕಿನೊಡನೆ, 'ಎಲೆ ಹಾಕಿದೆ, ಊಟಕ್ಕೆ ಏಳಬಹುದು' ಎನ್ನುತ್ತಿದ್ದರಂತೆ. ಅಪ್ಪ ಎದ್ದು ಬರುವ ಮೊದಲೇ ಬೆಕ್ಕು ಬಂದು ಕೂರುತ್ತಿತ್ತಂತೆ. ಇದರ ಜೊತೆಗೆ ಉಪಚಾರ ಬೇರೆ. ಅತ್ತೆ ಬಡಿಸಿದ್ದನ್ನು ಅಳಿಯ ಇನ್ನೊಮ್ಮೆ ಕೇಳಿ ಹಾಕಿಸಿಕೊಳ್ಳದಿದ್ದರೆ ಅವರಿಗೆ ನೋವು. ಮದುವೆಯಾದ ಹೊಸತರಲ್ಲಿ ಅವರ ಮನೆಯಲ್ಲಿ ಹಾಗಲಕಾಯಿ ಉಪ್ಪಿನಕಾಯಿ ಬಡಿಸಿದರು. ಹಾಗಲಕಾಯಿ ಎಂದರೆ ನನಗೆ ಪ್ರಾಣಸಂಕಟ. ಆದರೂ ಸುಮತಿಯ ಮೂಲಕ, 'ಭಾರೀ ಚಂದ ಆಗಿದೆ, ಇನ್ನೂ ಸ್ವಲ್ಪ ಬರಲಿ' ಎಂದು ಹೇಳಿಸಿದೆ. ಅಂದಿನಿಂದ ನನ್ನ ಎಲೆಗೆ ಆ ಉಪ್ಪಿನಕಾಯಿ ತಪ್ಪಿದ್ದಿಲ್ಲ. ಅತ್ತೆ ವಿಮಾನ ಇಳಿದಾಗಲೂ ಅವರ ಕೈಯಲ್ಲಿದ್ದದ್ದು, ಬಟ್ಟೆ ಸುತ್ತಿ ಮಗುವಿನಂತೆ ಎತ್ತಿಕೊಂಡಿದ್ದ ಅದೇ ಉಪ್ಪಿನಕಾಯಿಯ ಭರಣಿ.

ವಿಮಾನ ನಿಲ್ದಾಣದಿಂದ ಹೊರಡುವಾಗ ಸುಮತಿ ನನ್ನ ಕಿವಿಯಲ್ಲಿ, 'ನೀವು ಚೆನ್ನಾಗಿ ಕಾರು ಬಿಡ್ತೀರಿ ಅಂತ ಅಮ್ಮನಿಗೆ ಬರೆದಿದ್ದೇನೆ. ಎತ್ತಿನಗಾಡಿ ಹಾಗೆ ಹೋಗ್ಬೇಡಿ, ದಮ್ಮಯ್ಯ' ಎಂದಳು. ನನಗೂ ಸ್ವಲ್ಪ ಹುರುಪು ಬಂತು. ರಸ್ತೆ ಖಾಲಿಯಿತ್ತು, ಆಕ್ಸಿಲರೇಟರ್ ಅದುಮಿದೆ. ಎಲ್ಲಿಂದಲೋ ಡಿಣ್ ಡಿಣ್ ಡಿಣ್ ಎಂದು ಎಳೆಯ ಕಂಚಿನ ಸದ್ದು. ಅರೆ, ಹಮ್ಜಾಕ ಹೇಳಿದ ಗಂಟೆ! ಜೀವನದಲ್ಲಿ ಮೊದಲ ಬಾರಿಗೆ ನಾನೂ ನೂರು ದಾಟಿದ್ದೆ. ಮುಖ ಅರಳಿಸಿಕೊಂಡು ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ಕೈ ಮುಗಿದಿದ್ದಾರೆ, ತುಟಿ ಅಲುಗುತ್ತಿದೆ. ನಾನು ನಿಧಾನಿಸಿದೆ. ಗಂಟೆ ನಿಂತಿತು, ಅತ್ತೆ ಕಣ್ಣು ತೆರೆದರು. ಸ್ವಲ್ಪ ಹೊತ್ತಿನ ಮೇಲೆ ಮಗಳಿಗೆ ಹೇಳಿದರು: 'ಕಾರಲ್ಲಿ ಗಂಟೆ ಉಂಟಲ್ಲ, ಭಾರೀ ಚಂದ ಅಂತ ಹೇಳು ಅವರಿಗೆ.' ಸುಮತಿ ನನಗೆ ಹೇಳಿದಳು. ನಾನು ತಲೆಯಾಡಿಸಿದೆ.

ಮನೆಗೆ ಬಂದ ಮೇಲೆ ಅಡಿಗೆಮನೆಯಲ್ಲಿ ಗಂಡ ಹೆಂಡಿರ ಸಮಾಲೋಚನೆ. 'ಎದುರಿಗೆ ಗಣಪತಿ ಉಂಟಲ್ಲ, ಪೂಜೆ ಗಂಟೆ ಅಂತ ತಿಳ್ಕೊಂಡಿದ್ದಾರೆ ಪಾಪ. ಪೊಲೀಸು ಗಿಲೀಸು ಅಂತ ಹೇಳಿ ಹೆದರಿಸ್ಬೇಡಿ' ಎಂದಳು ಸುಮತಿ. ನನಗೂ ಹೌದೆನಿಸಿತು. ಗುಡಿಯ ಗಂಟೆ ಕೇಳದೆ ಒಂದು ದಿನವೂ ಊಟ ಮಾಡದ ಜೀವ, ಈ ಮರಳಿನ ನಾಡಿಗೆ ಬಂದು ಕಾರಿನೊಳಗಾದರೂ ಗಂಟೆ ಕೇಳಿ ಕೈ ಮುಗಿಯಿತಲ್ಲ ಎಂದು ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು. ಅಲ್ಲಿಗೆ ನನ್ನ ದುರ್ದೆಸೆ ಶುರುವಾಯಿತು. ಸಂಜೆಯ ಹೊತ್ತು ಅವಾಲಿಯ ಹುಲ್ಲು, ಹೂಬೇಲಿ ತೋರಿಸಲು ಅತ್ತೆಯನ್ನು ಕರೆದುಕೊಂಡು ಹೋಗುವುದು ವಾಡಿಕೆಯಾಯಿತು. ಊರು ದಾಟಿ ನೇರ ರಸ್ತೆ ಸಿಕ್ಕಿದ್ದೇ ಹಿಂದಿನಿಂದ ಮೆಲ್ಲನೆ, 'ಇವತ್ತು ಗಂಟೆ ಬಾರಿಸ್ಲಿಕ್ಕಿಲ್ಲವಾ ಕೇಳು.' ಪಕ್ಕದಿಂದ, 'ಅಮ್ಮ ಕೇಳ್ತಾರೆ, ಗಂಟೆ ಬಾರಿಸ್ಲಿಕ್ಕಿಲ್ಲವಾ ಅಂತ.' ಇಲ್ಲ ಎನ್ನಲು ನನಗೆ ಬಾಯಿ ಎಲ್ಲಿಯದು? ಮನಸ್ಸು ಬೇಡ ಬೇಡ ಎನ್ನುತ್ತಿತ್ತು, ಕಾಲು ಮಾತ್ರ ಅದುಮುತ್ತಿತ್ತು. ಡಿಣ್ ಡಿಣ್ ಡಿಣ್. ಕನ್ನಡಿಯಲ್ಲಿ ಮುಚ್ಚಿದ ಕಣ್ಣು, ಮುಗಿದ ಕೈ. ಅಳಿಯನಾಗಿ ಹುಟ್ಟಿದ್ದು ಸಾರ್ಥಕವಾಯಿತೆಂದು ನಾನೂ ಗಣಪತಿಗೆ ನಮಸ್ಕಾರ ಹಾಕಿ ವೇಗ ಇಳಿಸುತ್ತಿದ್ದೆ.

ಒಂದು ಸಂಜೆ ಗಂಟೆ ನಿಲ್ಲುವ ಮೊದಲೇ ಖರ್ಜೂರದ ಮರಗಳ ಮರೆಯಿಂದ ಒಬ್ಬ ಪೊಲೀಸ್ ಹೊರಬಂದು ಕೈ ಅಡ್ಡ ಹಿಡಿದ. ಉರ್ದು ಮಾತಾಡುವ ಆಜಾನುಬಾಹು ಮನುಷ್ಯ. ರಡಾರ್ ಯಂತ್ರದ ಕಡೆ ಬೆರಳು ತೋರಿಸಿ, 'ಗಾಡಿ ಮೇಂ ಘಂಟೀ ನಹೀಂ ಬಜ್ತೀ ಕ್ಯಾ?' ಎಂದು ಕೇಳಿದ. ಗಂಟೆ ಹೊಡೆಯುತ್ತದೆ ಸಾಹೇಬರೇ, ಅದಕ್ಕಾಗಿಯೇ ವೇಗವಾಗಿ ಬಂದದ್ದು ಎಂದು ಸತ್ಯ ಹೇಳಿದರೆ ಹುಚ್ಚಾಸ್ಪತ್ರೆಗೆ ಕಳಿಸಿಯಾನು ಎಂದು ಸುಮ್ಮನಿದ್ದೆ. ಅವನು ಬಗ್ಗಿ ಹಿಂದಿನ ಸೀಟು ನೋಡಿದ. ಅತ್ತೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಮುಗಿದ ಕೈ ಇಳಿಸಿರಲಿಲ್ಲ. ತನಗೇ ಕೈ ಮುಗಿಯುತ್ತಿದ್ದಾರೆಂದು ತಿಳಿದು ಪೊಲೀಸ್ ಗಲಿಬಿಲಿಗೊಂಡ. 'ಅರೆ ಅಮ್ಮಾಜೀ, ಹಾಥ್ ಮತ್ ಜೋಡಿಯೇ' ಎಂದ. ನನ್ನ ಕಡೆ ತಿರುಗಿ, ಈ ತಾಯಿಯ ಮುಖ ನೋಡಿ ಬಿಡುತ್ತಿದ್ದೇನೆ, ಇನ್ನೊಮ್ಮೆ ಸಿಕ್ಕಿದರೆ ಲೈಸೆನ್ಸ್ ನನ್ನ ಜೇಬಿನಲ್ಲಿ ಎಂದು ಜೇಬು ತಟ್ಟಿ ತೋರಿಸಿದ. ಆ ಜೇಬಿಗೆ ಬಟನ್ ಇತ್ತು. ಒಳಗೆ ಹೋದದ್ದು ಸುಲಭಕ್ಕೆ ಹೊರಬರುವ ಜೇಬಲ್ಲ ಅದು.

ಮರುದಿನವೇ ಹಮ್ಜಾಕನ ಗ್ಯಾರೇಜಿಗೆ ಓಡಿದೆ. ಕಾರು ನಿಂತಲ್ಲೇ ಗಂಟೆ ಬಾರಿಸುವಂತೆ ಮಾಡಿಕೊಡಿ ಎಂದೆ. ಅವರು ಕೈಯ ಗ್ರೀಸು ಒರೆಸಿಕೊಂಡರು. 'ಎಲ್ಲರೂ ಈ ಗಂಟೆ ಬಂದ್ ಮಾಡಿ ಕೊಡಿ ಅಂತ ಬರುದು. ನೀವೊಬ್ಬರು ಜಾಸ್ತಿ ಬೇಕು ಅಂತ ಬಂದದ್ದು' ಎಂದರು. ಅತ್ತೆಯ ವಿಷಯ ಹೇಳಿದೆ. ಅವರ ಮುಖ ಮೆತ್ತಗಾಯಿತು. 'ಹಾಗಾದ್ರೆ ಮಾಡ್ಲೇಬೇಕು. ಶುಕ್ರವಾರ ಬನ್ನಿ, ಕಾಲಡಿಗೆ ಒಂದು ಸ್ವಿಚ್ ಇಟ್ಟು ಕೊಡ್ತೇನೆ.' ಶುಕ್ರವಾರದವರೆಗೆ ಏನಾದರೂ ನೆಪ ಹೇಳಿ ದಾಟಿಸಿದರಾಯಿತು ಎಂದುಕೊಂಡೆ. ನನ್ನ ಹಣೆಬರಹಕ್ಕೆ ಗುರುವಾರ ಎಂಬುದೊಂದು ಅದಕ್ಕಿಂತ ಮೊದಲೇ ಬರುತ್ತದೆ.

ಗುರುವಾರ ಅವಾಲಿ ರಸ್ತೆಯಲ್ಲಿ ನಾನು ಹಳೆಯ ನಿಧಾನದಲ್ಲೇ ಹೋಗುತ್ತಿದ್ದೆ. ಅತ್ತೆ ಹಿಂದಿನಿಂದ ತಗ್ಗಿದ ದನಿಯಲ್ಲಿ, 'ಅವರಿಗೆ ನನ್ನ ಮೇಲೆ ಬೇಜಾರುಂಟಾ ಕೇಳು. ಗಂಟೆ ಬಾರಿಸದೆ ಎರಡು ಮೂರು ದಿನ ಆಯ್ತು' ಎಂದರು. ಸುಮತಿ ಅದನ್ನು ನನಗೆ ಹೇಳುವಾಗ ಅವಳ ಕಣ್ಣಲ್ಲೂ ನೀರು. ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದೆ. ಆ ಮುಖ ನೋಡಿಯೂ ಸುಮ್ಮನಿರಲು ನಾನೇನು ಕಟುಕನೇ? ಒಮ್ಮೆ, ಒಂದೇ ಒಮ್ಮೆ ಎಂದು ಅದುಮಿದೆ. ಡಿಣ್ ಎಂದಿತು. ಖರ್ಜೂರದ ಮರಗಳ ಮರೆಯಿಂದ ಅದೇ ಆಜಾನುಬಾಹು ಹೊರಬಂದ. ಈ ಸಲ ಅವನು ಹಿಂದಿನ ಸೀಟಿನ ಕಡೆ ನೋಡಲೇ ಇಲ್ಲ. ಲೈಸೆನ್ಸ್ ಜೇಬಿಗೆ ಹೋಯಿತು, ಮೇಲೆ ಬಟನ್ ಹಾಕಿದ.

ಮುಂದಿನದೆಲ್ಲ ಸರಸರನೆ ನಡೆಯಿತು. ನನ್ನ ಬದುಕಿನಲ್ಲಿ ವೇಗವಾಗಿ ನಡೆದ ಕೆಲಸವೆಂದರೆ ಅದೊಂದೇ. ಲೈಸೆನ್ಸ್ ಇಲ್ಲದ ಸೂಪರ್‌ವೈಸರ್ ನನಗೇಕೆ ಎಂದ ಅರಬಾಬ್, ನಮ್ಮ ಯಜಮಾನ. ಅದು ಮರಳಿ ಸಿಗುವವರೆಗೆ ಗೋದಾಮಿನಲ್ಲಿ ಹಳೆ ಏಸಿಗಳ ಜೊತೆ ಕೂರಿಸಿದ. ಗುದೈಬಿಯಾದ ಫ್ಲ್ಯಾಟು ಬೇರೊಬ್ಬ ಸೂಪರ್‌ವೈಸರನ ಪಾಲಾಯಿತು, ನನಗೆ ಸಲ್ಮಾಬಾದಿನ ಕ್ಯಾಂಪಿನಲ್ಲಿ ಒಂದು ಮಂಚ. ಸುಮತಿ ಅಮ್ಮನ ಜೊತೆಗೇ ಊರಿಗೆ ಹೊರಡಬೇಕಾಯಿತು. ಅತ್ತೆಗೆ ಮಾತ್ರ, ಎರಡು ಸಲವೂ ಪೊಲೀಸ್ ಬರಿದೇ ಕಾಗದಪತ್ರ ನೋಡಲು ನಿಲ್ಲಿಸಿದ್ದು, ಈಗ ಕಂಪೆನಿಯಲ್ಲಿ ಏನೋ ಬದಲಾವಣೆ ಎಂದಷ್ಟೇ ಹೇಳಿದ್ದೆವು. ಗಂಟೆಯಿಂದ ಹೀಗಾಯಿತು ಎಂದರೆ ಆ ಜೀವ ಎಷ್ಟು ನೊಂದುಕೊಂಡೀತು!

ಹೊರಟ ದಿನ ಟ್ಯಾಕ್ಸಿ ಹಿಡಿದೆವು. ನಾನು ಮುಂದೆ, ತಾಯಿ ಮಗಳು ಹಿಂದೆ. ಸುಮತಿ ಮುಸಿಮುಸಿ ಅಳುತ್ತಿದ್ದಳು. ವಿಮಾನ ತಪ್ಪುವ ಭಯಕ್ಕೆ ಅಳುತ್ತಿದ್ದಾಳೆಂದು ಹಿರಿಯ ಬಹ್ರೈನಿ ಡ್ರೈವರ್ ತಿಳಿದನೋ ಏನೋ, ಮುಹರ್ರಕ್ ಕಡೆಯ ಸಮುದ್ರದ ರಸ್ತೆ ಸಿಕ್ಕಿದ್ದೇ ಚೆನ್ನಾಗಿ ಅದುಮಿದ. ಅವನ ಕಾರಿನಲ್ಲೂ ಅದೇ ಗಂಟೆ, ಡಿಣ್ ಡಿಣ್ ಡಿಣ್. ಹೋಗುವಾಗಲಾದರೂ ಅತ್ತೆಗೆ ಗಂಟೆ ಕೇಳಿತಲ್ಲ ಎಂದು ನನಗೆ ಅಷ್ಟು ದುಃಖದಲ್ಲೂ ಒಂದು ಸಮಾಧಾನ. ಅಷ್ಟರಲ್ಲಿ ಹಿಂದಿನಿಂದ ನನ್ನ ಭುಜದ ಹತ್ತಿರ ಒಂದು ದನಿ, ಮದುವೆಯಾದಂದಿನಿಂದ ಮೊತ್ತಮೊದಲ ಬಾರಿಗೆ ನೇರವಾಗಿ ನನಗೇ:

'ಅಳಿಯಂದಿರೇ, ನಿಮ್ಮ ದಮ್ಮಯ್ಯ, ಇವನಿಗೆ ಮೆಲ್ಲ ಹೋಗ್ಲಿಕ್ಕೆ ಹೇಳಿ! ಇವನೇನು ನಮ್ಮ ಅಳಿಯನಾ? ಇವನಿಗೆಂಥ ಉಪಚಾರ!'

ನಾನು ಡ್ರೈವರನಿಗೆ 'ಶ್ವಯ್, ಶ್ವಯ್' ಎಂದು ಕೈಸನ್ನೆ ಮಾಡಿದೆ. ಗಂಟೆ ನಿಂತಿತು. ಸುಮತಿ ಅಳು ನಿಲ್ಲಿಸಿ, 'ಎಂತಮ್ಮಾ, ನಿನಗೆ ಗಂಟೆ ಅಂದ್ರೆ ಇಷ್ಟ ಅಲ್ವಾ?' ಎಂದಳು.

'ಇಷ್ಟವಾ? ನನ್ನ ಜೀವ ಹೋಗಿ ಬರ್ತಿತ್ತು. ಅದು ಜೋರು ಹೋದ್ರೆ ಹೊಡೆಯುವ ಗಂಟೆ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಬದುಕಿಸು ದೇವರೇ ಅಂತ ಕಣ್ಣು ಮುಚ್ಚಿ ಕೈ ಮುಗಿತಿದ್ದೆ.'

'ಮತ್ತೆ ದಿನಾ ಬಾರಿಸ್ಲಿಕ್ಕೆ ಹೇಳಿದ್ದು?'

'ಆ ದಿನ ಗಂಟೆ ನಿಂತು ನಾನು ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಇವರ ಮುಖ ಎಷ್ಟು ಅರಳಿತ್ತು, ನೀನು ನೋಡ್ಲಿಲ್ಲವಾ? ಆಸೆಯಿಂದ ತಗೊಂಡ ಕಾರು. ಇನ್ನೊಮ್ಮೆ ಬಾರಿಸಿ ಅಂತ ಕೇಳದಿದ್ರೆ ಅವರಿಗೆ ಬೇಜಾರಾಗುದಿಲ್ವಾ?'

ನಾನು ಕೆಲಸ, ಮನೆ, ಹೆಂಡತಿ ಎಲ್ಲವನ್ನೂ ಕಳೆದುಕೊಂಡದ್ದು, ಇಬ್ಬರಿಗೂ ಬೇಡವಾಗಿದ್ದ ಒಂದು ಗಂಟೆಗೆ. ನಿಲ್ದಾಣದ ಬಾಗಿಲಲ್ಲಿ ಅತ್ತೆ ಮತ್ತೆ ಹಳೆಯ ಪದ್ಧತಿಗೆ ಮರಳಿ ಮಗಳ ಕಡೆ ತಿರುಗಿದರು. 'ಹಾಗಲಕಾಯಿ ಉಪ್ಪಿನಕಾಯಿ ಇನ್ನೂ ಅರ್ಧ ಭರಣಿ ಉಂಟು, ಅವರ ಚೀಲದಲ್ಲಿ ಇಟ್ಟಿದ್ದೇನೆ ಅಂತ ಹೇಳು. ಅವರಿಗೆ ಅದು ಭಾರೀ ಇಷ್ಟ ಅಲ್ವಾ.' ಸುಮತಿ ನನ್ನ ಮುಖ ನೋಡಿದಳು. ಇದೇ ಸಮಯ, ಸತ್ಯ ಹೇಳಿಬಿಡು ಎಂದು ನನ್ನ ಮನಸ್ಸೂ ಹೇಳಿತು. ಗಂಟಲು ಸರಿಮಾಡಿಕೊಂಡೆ.

'ಅರ್ಧ ಭರಣಿ ಎಲ್ಲಿಗೆ ಸಾಕು? ಬರುವವರ ಕೈಯಲ್ಲಿ ಇನ್ನೊಂದು ಕಳಿಸ್ಲಿಕ್ಕೆ ಹೇಳು ಅತ್ತೆಗೆ' ಎಂದೆ.