ಏಳು ಮಾರಿನ ನುಗ್ಗೆಮರ

ಜಗಳ ಶುರುವಾದದ್ದು ಒಂದು ಮಡಿಲು ನುಗ್ಗೆಕಾಯಿಯಿಂದ. ಭಾನುವಾರ ಬೆಳಿಗ್ಗೆ ರಾವಂದೂರಿನ ಷಣ್ಮುಖಪ್ಪ ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಪಕ್ಕದ ಮನೆಯ ಚಿಕ್ಕಬಸಮ್ಮ ದೋಟಿ ಹಿಡಿದು ಬಂದು, ಎರಡು ಮನೆಗಳ ನಡುವಿನ ಅಂಗಳದ ಮರದಿಂದ ಕಾಯಿ ಕಿತ್ತು ಮಡಿಲು ತುಂಬಿಕೊಂಡು ಹೊರಟಳು. ಅವಳು ಇಪ್ಪತ್ತು ವರ್ಷದಿಂದ ಹೀಗೇ ಕೀಳುತ್ತಿದ್ದಳು. ಆದರೆ ಷಣ್ಮುಖಪ್ಪ ಹಿಂದಿನ ದಿನ ತಾನೇ ಕೊಪ್ಪಕ್ಕೆ ಹೋಗಿ ಸ್ಟೀಲಿನ ಟೇಪು ತಂದಿದ್ದ. ಹೊಸ ಟೇಪು ಕೈಗೆ ಬಂದವನಿಗೆ ಊರಿನ ಅಳತೆಯೆಲ್ಲ ತಪ್ಪಾಗಿಯೇ ಕಾಣುತ್ತದೆ.

"ಅತ್ತಿಗೆ, ಆ ಮರ ನಮ್ದು ಅನ್ಸುತ್ತೆ," ಎಂದ.

"ಅನ್ಸೋದಕ್ಕೇನಪ್ಪ, ನಂಗೆ ನಿಮ್ಮ ಎಮ್ಮೆ ನಮ್ದು ಅನ್ಸುತ್ತೆ," ಎಂದಳು ಚಿಕ್ಕಬಸಮ್ಮ.

ಷಣ್ಮುಖಪ್ಪನ ಅಪ್ಪ ಮತ್ತು ಚಿಕ್ಕಬಸಮ್ಮನ ಮಾವ ಅಣ್ಣತಮ್ಮಂದಿರು. ಪಾಲಾದಾಗ ಜಾಗವನ್ನು ಬಾಯಿಮಾತಿನಲ್ಲೇ ಹಂಚಿಕೊಂಡಿದ್ದರು. ಅಂದು ಸಾಕ್ಷಿಗೆ ನಿಂತವರಲ್ಲಿ ಉಳಿದಿದ್ದವನು ಕರಿಯಯ್ಯ ಒಬ್ಬನೇ. ಷಣ್ಮುಖಪ್ಪ ಹೋಗಿ ಅವನನ್ನು ಕೈಹಿಡಿದು ಕರೆತಂದ.

"ಮುಂದ್ಗಡೆ ನಿಮ್ಮ ಗ್ವಾಡೆಯಿಂದ ಏಳು ಮಾರು ನಿಮ್ದು, ಮಿಕ್ಕಿದ್ದು ಅವರ್ದು," ಎಂದ ಕರಿಯಯ್ಯ. "ನಿಮ್ಮಪ್ಪನೇ ಎಲ್ಡು ಕೈನೂ ಅಗಲ ಮಾಡ್ಕಂಡು ಅಳ್ದ ಕಣ್ಲಾ."

"ನಿಮ್ಮಪ್ಪ ಗಿಡ್ಡ. ಅವರ ಏಳು ಮಾರು ಮರದ ತಂಕ ಬತ್ತಿರ್ಲಿಲ್ಲ," ಎಂದಳು ಚಿಕ್ಕಬಸಮ್ಮ.

ಷಣ್ಮುಖಪ್ಪ ನಕ್ಕ. "ಕೈ ಬ್ಯಾರೆ, ಲೆಕ್ಕ ಬ್ಯಾರೆ ಅತ್ತಿಗೆ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಮೊಳಕ್ಕೆ ಒಂದೂವರೆ ಅಡಿ. ಮಾರಿಗೆ ಆರಡಿ. ಯಾರು ಗಿಡ್ಡ ಆದ್ರೂ ಲೆಕ್ಕ ಗಿಡ್ಡ ಆಗಲ್ಲ."

ಅಷ್ಟರಲ್ಲಿ ಎದುರಿನ ಟೈಲರ್ ನಜೀರ್ ಗಜದ ಕಡ್ಡಿ ಹಿಡಿದೇ ಬಂದಿದ್ದ. ಎಸ್.ಟಿ.ಡಿ. ಬೂತಿನ ಮುಂದೆ ಸರದಿ ಕಾಯುತ್ತಿದ್ದವರೂ ಹಿಂದೆಯೇ ಬಂದರು. "ಲೆಕ್ಕ ಸರಿ ಐತೆ ಕಣಮ್ಮ. ಎರಡು ಗಜ ಒಂದು ಮಾರು. ಗಜಕ್ಕೆ ಮೂರಡಿ," ಎಂದು ನಜೀರ್ ತೀರ್ಪು ಕೊಟ್ಟ.

ಚಿಕ್ಕಬಸಮ್ಮ ಮಡಿಲ ಕಾಯಿಗಳನ್ನು ಜಗಲಿಯ ಮೇಲೆ ಸುರಿದಳು. "ಎಲ್ಲಾ ಕಡೀಕೂ ಇದೇ ಲೆಕ್ಕಾನಾ?"

"ಎಲ್ಲಾ ಕಡೀಕೂ. ದೇವ್ರಾಣೆ," ಎಂದ ಷಣ್ಮುಖಪ್ಪ.

ಅಳತೆ ನಡೆಯಿತು. ಟೇಪು ಅರ್ಧದಲ್ಲಿ ಕೈ ಜಾರಿ ಕೇರೆಹಾವಿನಂತೆ ಸರ್ರನೆ ಹಿಂದಕ್ಕೆ ಬಂದು ಕರಿಯಯ್ಯನ ಪಂಚೆಯೊಳಗೆ ನುಗ್ಗಿತು. ಅವನನ್ನು ಸಮಾಧಾನ ಮಾಡಿ ಮತ್ತೆ ಗೋಡೆಯಿಂದ ಅಳೆದರು. ನಲವತ್ತೆರಡು ಅಡಿ. ಮರ ಎರಡಡಿ ಒಳಗೇ ಇತ್ತು. ಷಣ್ಮುಖಪ್ಪ ನೆಂಟರ ಹೆಗಲ ಮೇಲೆ ಕೈಹಾಕುವಂತೆ ಮರದ ಮೇಲೆ ಕೈಹಾಕಿ ನಿಂತ.

"ಮರ ನಿಂದೇ ಕಣಪ್ಪ," ಎಂದಳು ಚಿಕ್ಕಬಸಮ್ಮ. "ಈಗ ಹಿತ್ಲಿಗೆ ಬನ್ನಿ. ಕರಿಯಣ್ಣ, ಹಿತ್ಲ ಪಾಲು ಹೆಂಗೆ?"

"ಅಲ್ಲಿ ನಿಮ್ಮ ಗ್ವಾಡೆಯಿಂದ ಐದು ಮಾರು ನಿಮ್ದು, ಮಿಕ್ಕಿದ್ದು ಅವರ್ದು. ಅದ್ನೂ ಅವರಪ್ಪನೇ ಅಳ್ದಿದ್ದು."

ಈ ಸಲ ಟೇಪು ಹಿಡಿದವನು ನಜೀರ್. ಚಿಕ್ಕಬಸಮ್ಮನ ಅಡುಗೆಮನೆ ಗೋಡೆಯಿಂದ ಹೊರಟ ಟೇಪು ಇಪ್ಪತ್ತೇಳನೇ ಅಡಿಗೆ ಟಣ್ ಎಂದು ಗೋಡೆಗೆ ಬಡಿಯಿತು. ಅದು ಷಣ್ಮುಖಪ್ಪ ಹೋದ ವರ್ಷ ಕಟ್ಟಿಸಿದ ಬಚ್ಚಲುಮನೆ. ಮೇಲಿನ ಕಿಂಡಿಯಿಂದ ಹಬೆ ಬರುತ್ತಿತ್ತು.

"ಇನ್ನೂ ಮೂರಡಿ ಐತಲ್ಲ," ಎಂದ ನಜೀರ್. "ಒಳಗೆ ಹೋಗ್ಬೇಕಾಯ್ತದೆ."

"ಯಾರ್ರೀ ಅದು ಗೋಡೆ ಬಡೀತಿರೋದು?" ಒಳಗಿನಿಂದ ಷಣ್ಮುಖಪ್ಪನ ಹೆಂಡತಿ ಸೋಮಮ್ಮನ ದನಿ ಬಂತು.

"ನಾನು ಕಣೆ ಸೋಮಿ. ನಿಧಾನಕ್ಕೆ ಉಯ್ಕೋ," ಎಂದಳು ಚಿಕ್ಕಬಸಮ್ಮ. "ನೀರು ನಿಂದು, ಜಾಗ ನಂದು."

ನೆರೆದವರು ನಗತೊಡಗಿದರು. ಷಣ್ಮುಖಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಚ್ಚಲುಮನೆಯಲ್ಲಿ ಮೂರಡಿ ಹೋದರೆ ಉಳಿಯುವುದು ಒಲೆಯ ಬಾಯಿ ಮಾತ್ರ. ಹಂಡೆಯೂ ಸೋಮಮ್ಮನೂ ಅತ್ತಿಗೆಯ ಪಾಲು.

"ಅತ್ತಿಗೆ," ಎಂದ ಮೆತ್ತಗೆ, "ಅಪ್ಪ ಗಿಡ್ಡ ಇದ್ದಿದ್ದು ನಿಜ. ಅಳ್ದೋರ ಕೈಯೇ ಅಳತೆ ಅಲ್ವಾ?"

"ಎಲ್ಲಾ ಕಡೀಕೂನಾ?"

"ಎಲ್ಲಾ ಕಡೀಕೂ," ಎಂದ ಷಣ್ಮುಖಪ್ಪ ನೆಲ ನೋಡುತ್ತ.

"ಅಪ್ಪನ ಅಚ್ಚೇ ಕಣ್ಲಾ ನೀನು. ಚಾಚು ಕೈಯ," ಎಂದ ಕರಿಯಯ್ಯ.

ಊರವರ ಎದುರು ಷಣ್ಮುಖಪ್ಪ ಹೊಲದ ಬೆದರುಬೊಂಬೆಯಂತೆ ಕೈ ಚಾಚಿ ನಿಂತ. ನಜೀರ್ ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿದ. ಐದಡಿ ಎರಡಿಂಚು. ಆ ಲೆಕ್ಕದಲ್ಲಿ ಗೆರೆ ಬಚ್ಚಲುಮನೆಯ ಗೋಡೆಗಿಂತ ಒಂದಡಿ ಈಚೆಗೇ ನಿಂತಿತು. ನುಗ್ಗೆಮರ ಸಲೀಸಾಗಿ ಚಿಕ್ಕಬಸಮ್ಮನ ಕಡೆ ಸೇರಿತು. ಅವಳು ಜಗಲಿಯ ಮೇಲಿನ ಕಾಯಿಗಳನ್ನು ಮತ್ತೆ ಮಡಿಲಿಗೆ ತುಂಬಿಕೊಂಡಳು. ಜನ ಚದುರಿದರು.

ಸೋಮಮ್ಮ ಕೂದಲಿಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಳು.

"ಮರ ಏನಾಯ್ತು?"

"ಅತ್ತಿಗೇದೇ."

"ಮತ್ತೆ ಬೆಳಗಿಂದ ಊರೆಲ್ಲ ಸೇರಿಸ್ಕಂಡು ಏನ್ ಮಾಡಿದ್ರಿ?"

"ಬಚ್ಚಲುಮನೆ ಉಳಿಸ್ಕಂಡೆ ಕಣೆ."

ಸೋಮಮ್ಮ ಹಿಂದೆ ತಿರುಗಿ ಬಚ್ಚಲುಮನೆಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಅದೆಲ್ಲಿಗೆ ಹೋಗಿತ್ತು?"