ಅಮ್ಮನ ಕೈಯ ಚಿಗಳಿ

ನಾಗರ ಪಂಚಮಿಯ ಚಿಗಳಿಯನ್ನು ಈ ಸಲ ನಾನೇ ಮಾಡುತ್ತೇನೆಂದು ಘೋಷಿಸಿದಾಗ ನನ್ನ ಹೆಂಡತಿ ಅಪರ್ಣ ತಲೆಯನ್ನೂ ಎತ್ತಲಿಲ್ಲ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತೆಗೆಯುತ್ತಲೇ ಇದ್ದಳು.

"ಒಲೆ ಹಚ್ಚೋ ಹಾಗಿಲ್ಲ, ಬಾಣಲೆ ಇಡೋ ಹಾಗಿಲ್ಲ. ಕರಿ ಎಳ್ಳು, ಬೆಲ್ಲ. ಕುಟ್ಟು, ಉಂಡೆ ಕಟ್ಟು. ಇಷ್ಟನ್ನ ನಮ್ಮಮ್ಮನ ಥರ ಮಾಡೋಕೆ ನಿನಗೆ ಬರಲಿಲ್ವಲ್ಲೇ" ಎಂದೆ.

"ಮಾಡಿ" ಎಂದಳು.

ಆ ಒಂದು ಮಾತಿನ ಹಿಂದೆ ಎಷ್ಟೋ ಹಬ್ಬಗಳ ಸಿಟ್ಟಿತ್ತು. ಅಮ್ಮ ತೀರಿಕೊಂಡ ಮೇಲೆ ಪ್ರತಿ ಪಂಚಮಿಗೂ ನಾನು ಅಪರ್ಣ ಮಾಡಿದ ಚಿಗಳಿಯನ್ನು ಚೂರು ಮುರಿದು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಹೈಕೋರ್ಟಿನ ಗಾಂಭೀರ್ಯದಿಂದ ತೀರ್ಪು ಕೊಡುತ್ತಿದ್ದೆ. "ಪರವಾಗಿಲ್ಲ. ಆದ್ರೆ ಅಮ್ಮನ ಕೈರುಚಿ ಇಲ್ಲ." ಹೋದ ವರ್ಷ ನೆಂಟರೆದುರಿಗೇ ಹಾಗಂದೆ. ಇನ್ನು ಈ ಮನೆಯಲ್ಲಿ ಚಿಗಳಿ ಮುಟ್ಟುವುದಿಲ್ಲ ಎಂದು ಅವಳು ಅವತ್ತೇ ಹೇಳಿಬಿಟ್ಟಳು. ಹೆಂಗಸರು ಹೀಗೆಲ್ಲ ಹೇಳುತ್ತಿರುತ್ತಾರೆ ಎಂದು ನಾನು ನಕ್ಕಿದ್ದೆ.

ಹಬ್ಬದ ಬೆಳಿಗ್ಗೆ ಮಡಿಪಂಚೆ ಉಟ್ಟು ಅಡುಗೆಮನೆಯೆಂಬ ರಣರಂಗಕ್ಕೆ ಇಳಿದೆ. ಕುಣಿಗಲ್‌ನಿಂದ ಅಕ್ಕ ಕೌಸಲ್ಯ ಬೆಳಗಿನ ಬಸ್ಸಿಗೇ ಹೊರಟಿದ್ದಳು. ತಮ್ಮನ ಬೆನ್ನಿಗೆ ಹಾಲೆರೆಯಲು ಅವಳು ತಪ್ಪದೆ ತುಮಕೂರಿಗೆ ಬರುತ್ತಾಳೆ. ಅವಳು ನನ್ನ ಚಿಗಳಿ ತಿಂದು "ಥೇಟ್ ಅಮ್ಮನದೇ" ಎಂದರೆ ಸಾಕು, ಅಪರ್ಣಳ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ. ನನಗೆ ಬೇಕಾಗಿದ್ದು ಆ ಒಂದೇ ಸರ್ಟಿಫಿಕೇಟು.

ಮಿಕ್ಸಿ ಇರುವಾಗ ಕುಟ್ಟಾಣಿ ಯಾವ ದಡ್ಡನಿಗೆ ಬೇಕು? ಎಳ್ಳು ಬೆಲ್ಲ ಎರಡನ್ನೂ ಜಾರಿಗೆ ಸುರಿದು ತಿರುಗಿಸಿದೆ. ಅದು ಗುರ್ ಎಂದಿತು, ನಿಂತಿತು. ಬೆಲ್ಲ ಬ್ಲೇಡನ್ನು ಅಪ್ಪಿಕೊಂಡು ಕೂತಿತ್ತು. ಚೂರು ಹಾಲು ಹಾಕಿದೆ. ಈಗ ಮಿಕ್ಸಿ ಎಷ್ಟು ಚೆನ್ನಾಗಿ ಓಡಿತೆಂದರೆ ನಿಲ್ಲಿಸಲು ಮನಸ್ಸಾಗಲಿಲ್ಲ. ಮುಚ್ಚಳ ತೆಗೆದರೆ ಒಳಗೆ ರಸ್ತೆಗೆ ಹಾಕುವ ಡಾಂಬರು! ಗಟ್ಟಿಯಾಗಲಿ ಎಂದು ಅಕ್ಕಿಹಿಟ್ಟು ಹಾಕಿದೆ, ಪುಡಿಪುಡಿಯಾಯಿತು. ತುಪ್ಪ ಹಾಕಿದೆ, ಕೈಗೆ ಸಿಗದೆ ಜಾರಿತು. ಮತ್ತೆ ಹಿಟ್ಟು, ಮತ್ತೆ ಬೆಲ್ಲ. ಚಿಗಳಿ ಬಟ್ಟಲಿನಿಂದ ಬೋಗುಣಿಗೆ, ಬೋಗುಣಿಯಿಂದ ಕೊಳಗಕ್ಕೆ ಬಡ್ತಿ ಪಡೆಯಿತು. ಕೊನೆಗೂ ಉಂಡೆ ಕಟ್ಟಿದಾಗ ಜಿಲ್ಲೆಯ ಸಮಸ್ತ ಹಾವುಗಳಿಗೂ ಸಾಕಾಗುವಷ್ಟಿತ್ತು.

ಅಪರ್ಣ ಬಾಗಿಲಲ್ಲಿ ನಿಂತು ನೋಡಿದಳು.

"ರುಚಿ ನೋಡಿದ್ರಾ?"

"ನೈವೇದ್ಯಕ್ಕೆ ಮುಂಚೆ ಯಾರಾದ್ರೂ ಎಂಜಲು ಮಾಡ್ತಾರೇನೇ?"

"ಎಳ್ಳು ತೊಳೆದ್ರಾ?"

"ಗುಬ್ಬಿಯಿಂದ ತರಿಸಿದ ನಾಟಿ ಎಳ್ಳು ಕಣೇ. ತೊಳೆದ್ರೆ ಸತ್ವ ಹೋಗುತ್ತೆ."

ಅವಳು ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡಳು. ನಾನು ಅದನ್ನು ಸೋಲೆಂದು ತಿಳಿದೆ.

ಅರಳಿಕಟ್ಟೆಯ ನಾಗರಕಲ್ಲಿಗೆ ತನಿ ಎರೆದು, ನೈವೇದ್ಯ ತೋರಿಸಿ ಬಂದೆವು. ಅಕ್ಕ ನನ್ನ ಬೆನ್ನಿಗೆ ಹಾಲೆರೆದು "ತಣ್ಣಗಿರು" ಎಂದು ಹರಸಿದಳು. ನಾನು ದೊಡ್ಡ ಉಂಡೆಯನ್ನೇ ಆರಿಸಿ ಅವಳ ಕೈಗಿಟ್ಟೆ. ಅವಳು ಕಚ್ಚಿದಳು. ಕಟ್ ಎಂದು ಸದ್ದಾಯಿತು.

ಅಕ್ಕ ಕೆನ್ನೆ ಹಿಡಿದುಕೊಂಡು, ಅಂಗೈಗೆ ಉಗಿದಳು. ಒಂದು ಕಲ್ಲು, ಜೊತೆಗೆ ಆಷಾಢದಲ್ಲಿ ಹಾಕಿಸಿಕೊಂಡಿದ್ದ ಹಲ್ಲಿನ ಕ್ಯಾಪು! ನಾಗರಕಲ್ಲಿಗೆ ನಾನು ಕಲ್ಲನ್ನೇ ನೈವೇದ್ಯ ಮಾಡಿ ಬಂದಿದ್ದೆ.

"ಏನೋ ಪ್ರದ್ಯು ಇದು? ಎಳ್ಳು ಜಾಲಿಸೋಕೂ ಬರಲ್ವೇನೋ ನಿನಗೆ?"

"ಮಿಕ್ಸಿ ಸರಿ ಇಲ್ಲ ಅಕ್ಕ" ಎಂದೆ. ಕುಣಿಯಲಾರದವಳಿಗೆ ಅಂಗಳ ಡೊಂಕು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಅಪರ್ಣಳ ಕಡೆ ನೋಡುತ್ತಾ ಸೇರಿಸಿದೆ: "ಏನೇ ಅನ್ನು, ಅಮ್ಮನ ಕೈರುಚಿ ಯಾರಿಗೂ ಬರಲ್ಲ ಬಿಡು."

ಅಕ್ಕ ಕೆನ್ನೆಯಿಂದ ಕೈ ತೆಗೆದಳು.

"ಯಾವ ಕೈಯೋ? ಅಮ್ಮನ ಕೈಗೆ ವಾತ ಹಿಡಿದು ಲೋಟ ಎತ್ತೋಕಾಗ್ತಿರಲಿಲ್ಲ. ಕುಟ್ಟಾಣಿ ಹಿಡಿಯೋಕಾಗುತ್ತಾ? ಅಪರ್ಣ ಮದುವೆಯಾಗಿ ಬಂದ ವರ್ಷದಿಂದ ಕುಟ್ಟಿದ್ದು, ಕಟ್ಟಿದ್ದು ಎಲ್ಲಾ ಅವಳೇ. 'ಸೊಸೆ ಮಾಡಿದ್ದು ಅಂದ್ರೆ ಇವನು ಕೊಂಕು ತೆಗೀತಾನೆ, ನಾನು ಮಾಡಿದ್ದು ಅಂತ್ಲೇ ಹೇಳಮ್ಮ' ಅಂತ ಅಮ್ಮನೇ ಹೇಳಿಕೊಟ್ಟಿದ್ಲು. ಅಮ್ಮನ ಮಾತಿಗೆ ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಿನಗಿನ್ನೂ ಗೊತ್ತಾಗಿಲ್ವೇನೋ?"

ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ ಚಪ್ಪರಿಸಿ, ಆಫೀಸಿನಲ್ಲೆಲ್ಲ ಹೊಗಳಿದ್ದೂ ಅದೇ ಎಳ್ಳು, ಅದೇ ಬೆಲ್ಲ, ಅದೇ ಕೈ. ಅಮ್ಮ ಹೋದ ಮರುವರ್ಷ ಅದೇ ಉಂಡೆಯನ್ನು ಬಾಯಲ್ಲಿಟ್ಟುಕೊಂಡು ಮುಖ ಕಿವುಚಿದ್ದೆ. ನನಗೆ ಎಲ್ಲಾದರೂ ಅಡಗಿ ಕೂರೋಣ ಅನ್ನಿಸಿತು.

ಅಪರ್ಣ ಅಕ್ಕನ ಹಲ್ಲಿನ ಕ್ಯಾಪನ್ನು ತೊಳೆದು ಹತ್ತಿಯಲ್ಲಿ ಸುತ್ತುತ್ತಿದ್ದಳು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಹೇಳಿದ್ದಿದ್ರೆ ಅತ್ತೆ ಇರೋವಾಗಲೇ ನಿಮಗೆ ರುಚಿ ಕೆಟ್ಟುಹೋಗ್ತಿತ್ತು" ಎಂದಳು.