ವಿಮಾ ಕಂಪನಿಗಳಿಗೆ ಪ್ರವೇಶ ಪರೀಕ್ಷೆ

ಮನೆಗೆ ವಿಮೆ ಮಾಡಿಸಿದವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಆದರೆ ವಿಮಾ ಕಂಪನಿಗಳನ್ನೇ ಸಾಲಾಗಿ ಕೂರಿಸಿ, ಪ್ರಶ್ನೆಪತ್ರಿಕೆ ಕೊಟ್ಟು, ಮೂರು ಗಂಟೆ ಪರೀಕ್ಷೆ ಬರೆಸಲು ಹೊರಟವರು ಈ ಭೂಮಂಡಲದಲ್ಲಿ ಒಬ್ಬರೇ. ಅವರೇ ನಮ್ಮ ವಿಜ್ಞಾನದ ಮೇಷ್ಟ್ರು.

ಸಂಗತಿ ಶುರುವಾದದ್ದು ಹೀಗೆ. ಮೇಷ್ಟ್ರ ಮನೆಗೆ ವಿಮೆ ಕೊಟ್ಟಿದ್ದ ಹಳೇ ಕಂಪನಿ ಅಂಗಡಿ ಮುಚ್ಚಿಕೊಂಡು ಹೊರಟಿತ್ತು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಮೆ ಖಲಾಸ್ ಎಂದು ಕಾಗದ ಬಂತು. ಮೇಷ್ಟ್ರ ಹೆಂಡತಿ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಹನ್ನೊಂದು ವರ್ಷ ಎರಡೆರಡು ಪಾಳಿ ದುಡಿದು ಕಟ್ಟಿಸಿದ ಮನೆ ಅದು. ಹಾಲ್‌ಗೆ ಮೊನ್ನೆ ಮೊನ್ನೆ ಮರದ ನೆಲ ಹಾಕಿಸಿದ್ದಳು. ಅದರ ಮೇಲೆ ಯಾರಾದರೂ ಜೋರಾಗಿ ಕೆಮ್ಮಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು.

"ನೋಡಿ, ಈ ಮನೆ ಒಂದೇ ಒಂದು ನಿಮಿಷ ಕೂಡ ವಿಮೆ ಇಲ್ಲದೆ ನಿಲ್ಲಬಾರದು. ಹನ್ನೆರಡರೊಳಗೆ ಯಾವುದೋ ಒಂದು ಕಂಪನಿ ಗೊತ್ತು ಮಾಡಿ. ಆಗುತ್ತೋ, ನಾನೇ ಮಾಡಲೋ?" ಎಂದಳು.

"ಯಾವುದೋ ಒಂದು ಅಂದ್ರೆ ಏನರ್ಥ?" ಮೇಷ್ಟ್ರು ಕನ್ನಡಕ ಏರಿಸಿದರು. "ಎಲ್ಲ ಕಂಪನಿಯವರೂ ಚಿತ್ರದ ಪುಸ್ತಕ ತಂದುಕೊಡ್ತಾರೆ. ಅದರಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ, ಎಲ್ಲರೂ ಹಲ್ಲು ಕಿರಿದುಕೊಂಡು ನಿಂತಿರ್ತಾರೆ. ನಾಯಿ ನಗು ನೋಡಿ ಕಂಪನಿ ಆರಿಸೋಕಾಗುತ್ತಾ? ಪರೀಕ್ಷೆ ಮಾಡಬೇಕು."

"ಸರಿ, ನಾಲ್ಕು ಪ್ರಶ್ನೆ ಕೇಳಿ ಬಿಡಿ."

ನಾಲ್ಕಲ್ಲ, ನಲವತ್ತು ತಯಾರಾದವು. ಮೂವತ್ತೊಂದು ವರ್ಷ ಪ್ರಶ್ನೆಪತ್ರಿಕೆ ತೆಗೆದ ಕೈ ಅದು. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಕಾರಣ ಕೊಡಿ. 'ಸಿಡಿಲು ಬಡಿದ ಮನೆಗೂ ಕಪಾಟು ಬಿದ್ದ ಮನೆಗೂ ಇರುವ ಮೂರು ವ್ಯತ್ಯಾಸಗಳನ್ನು ತಿಳಿಸಿ' ಎಂಬ ಪ್ರಶ್ನೆ ಹೊಳೆದಾಗ ಮೇಷ್ಟ್ರು ತಾವೇ ತಮ್ಮ ಬೆನ್ನು ತಟ್ಟಿಕೊಂಡರು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರ ಪಾಡು ಬೇರೆ ಇರುತ್ತಿತ್ತು. ಆದರೆ ವಿಜ್ಞಾನದ ಮೇಷ್ಟ್ರಲ್ಲವೇ, ಪ್ರಯೋಗವಿಲ್ಲದ ಪರೀಕ್ಷೆ ಅವರ ಗಂಟಲಲ್ಲಿ ಇಳಿಯಲಿಲ್ಲ. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪನ್ನು ಅರ್ಧ ಸುತ್ತು ಸಡಿಲಿಸುವುದು, ಹನಿ ಹನಿ ನೀರು ಬೇಸನ್ನಿಗೆ ಬೀಳುವುದು, ಅದನ್ನು ಕಂಡು ಕಂಪನಿಯವರು ವರದಿ ಬರೆಯುವುದು. ಇದು ಅವರು ಹಾಕಿಕೊಂಡ ಯೋಜನೆ. ಪತ್ರಿಕೆಯ ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆಯನ್ನೂ ಸೇರಿಸಿದರು: 'ಪ್ರಯೋಗದ ವೇಳೆ ಮನೆಯ ಯಜಮಾನರು ಗಾಬರಿಯಾದಂತೆ ನಟಿಸುತ್ತಾರೆ. ಮೋಸ ಹೋಗಬಾರದು. ಏನನ್ನೂ ಮುಟ್ಟಬಾರದು. ಕಂಡದ್ದನ್ನು ಕಂಡ ಹಾಗೆ ಬರೆಯಿರಿ.'

ಭಾನುವಾರ ಬೆಳಗ್ಗೆ ಟೈಮ್‌ಕೀಪರಮ್ಮ ಹನ್ನೆರಡರೊಳಗೆ ಬಂದುಬಿಡ್ತೀನಿ ಎಂದು ಹೇಳಿ ಡಿಪೋಗೆ ಹೋದಳು. ಒಂಬತ್ತಕ್ಕೆ ಸರಿಯಾಗಿ ಮೂರು ಕಂಪನಿಯ ಮೂವರು ಬಂದರು. ಮೊದಲನೆಯವನು ಟೈ ಕಟ್ಟಿದ ಏಜೆಂಟ, ಇಸ್ತ್ರಿ ಪೆಟ್ಟಿಗೆಯೊಳಗಿಂದಲೇ ಹುಟ್ಟಿ ಬಂದವನಂತಿದ್ದ. ಎರಡನೆಯವಳು ನಗುಮುಖದ ಏಜೆಂಟಮ್ಮ, 'ನಿಮ್ಮ ಮನೆ ಸುಟ್ಟುಹೋದರೆ' ಎಂಬ ಮಾತನ್ನೂ ನಗುನಗುತ್ತಲೇ ಹೇಳುವವಳು. ಮೂರನೆಯವನು ಚರ್ಮದ ಚೀಲದ ಮುದುಕ, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ಮೂವರನ್ನೂ ಹಾಲ್‌ನ ಮೂರು ಮೂಲೆಗಳಲ್ಲಿ ಕೂರಿಸಿ ಮೇಷ್ಟ್ರು ಪತ್ರಿಕೆ ಹಂಚಿದರು.

"ಸಾರ್, ನಾವು ಬಂದಿದ್ದು ಮನೆ ನೋಡೋಕೆ," ಎಂದ ಟೈ ಏಜೆಂಟ.

"ಬರೆದ ಮೇಲೆ ನೋಡಬಹುದು. ಪಕ್ಕಕ್ಕೆ ತಿರುಗಬೇಡಿ."

ಒಬ್ಬ ಎದ್ದು ಹೋದರೆ ಗಿರಾಕಿ ಇನ್ನೊಬ್ಬನ ಪಾಲಾಗುತ್ತದಲ್ಲ. ಮೂವರೂ ತೆಪ್ಪಗೆ ಪೆನ್ನು ತೆಗೆದರು. ಎರಡು ಗಂಟೆ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಚಕ್ರವರ್ತಿಯ ಹಾಗೆ ಹಾಲ್ ತುಂಬ ಅಡ್ಡಾಡಿದರು. ಏಜೆಂಟಮ್ಮ ಟೈನವನ ಹಾಳೆಯತ್ತ ಕಣ್ಣು ಹಾಯಿಸಿದಾಗ ಅವಳ ಕುರ್ಚಿಯನ್ನು ಗೋಡೆಗೆ ತಿರುಗಿಸಿದರು. ಹನ್ನೊಂದು ಇಪ್ಪತ್ತಾಯಿತು. "ಈಗ ಪ್ರಯೋಗ. ಎಲ್ಲರೂ ಅಡುಗೆಮನೆ ಬಾಗಿಲಿಗೆ ಕುರ್ಚಿ ತನ್ನಿ," ಎಂದು ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ತೂರಿದರು.

ಅರ್ಧ ಸುತ್ತು ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು, ನಿಜ. ಆದರೆ ಲೆಕ್ಕ ಪೈಪಿಗೆ ಗೊತ್ತಿರಬೇಕಲ್ಲ. ನಟ್ಟು ಪಟ್ಟನೆ ಕೈಗೇ ಬಂತು. ನೀರು ಕಟ್ಟೊಡೆದ ಕೆರೆಯಂತೆ ನುಗ್ಗಿ ಮೊದಲು ಮೇಷ್ಟ್ರ ಕನ್ನಡಕವನ್ನೂ, ಅದರ ಹಿಂದೆಯೇ ಬೇಸನ್ನನ್ನೂ ಎತ್ತಿಕೊಂಡು ಹೋಯಿತು. ಮೇಷ್ಟ್ರು ಹೆಬ್ಬೆರಳನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದರು.

"ಅಯ್ಯೋ, ಮೇನ್ ವಾಲ್ವ್ ಮುಚ್ಚಿ ಯಾರಾದರೂ."

ಮೂವರೂ ಬರೆದುಕೊಂಡರು.

"ಇದು ನಿಜ ಕಣ್ರೀ. ನಿಜವಾಗಲೂ ಪೈಪ್ ಕಿತ್ತು ಬಂದಿದೆ."

"ತುಂಬ ಚೆನ್ನಾಗಿ ಮಾಡ್ತಿದ್ದೀರಿ ಸಾರ್," ಏಜೆಂಟಮ್ಮ ನಕ್ಕಳು. "ನಾನಂತೂ ಸ್ವಲ್ಪದರಲ್ಲೇ ನಂಬಿಬಿಡ್ತಿದ್ದೆ."

"ನಂಬಮ್ಮ. ದಮ್ಮಯ್ಯ ಅಂತೀನಿ, ನಂಬು."

"ಸೂಚನೆ ನಾವೂ ಓದಿದೀವಿ ಸಾರ್," ಎಂದು ಟೈ ಏಜೆಂಟ ಹುಬ್ಬು ಕುಣಿಸಿ, ಕಾಲು ಮೇಲೆತ್ತಿ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ನೀರು ಅಷ್ಟರಲ್ಲಿ ಬಾಗಿಲಿನವರೆಗೆ ಬಂದಿತ್ತು.

ಇಪ್ಪತ್ತೈದು ನಿಮಿಷ ಮೇಷ್ಟ್ರ ಹೆಬ್ಬೆರಳು ಒಂದು ಕಡೆ, ನಗರದ ನೀರು ಸರಬರಾಜು ಇನ್ನೊಂದು ಕಡೆ. ಹೆಬ್ಬೆರಳೇ ಗೆಲ್ಲುತ್ತಿತ್ತೆಂದು ಹೇಳಬೇಕು. ಆಗ ಚೀಲದ ಮುದುಕ ಎದ್ದು ನಿಂತು ವಿನಯದಿಂದ ಕೈಯೆತ್ತಿದ.

"ಸಾರ್, ಒಂದು ಅಡಿಷನಲ್ ಶೀಟ್."

ಮೂವತ್ತೊಂದು ವರ್ಷದ ಅಭ್ಯಾಸ, ಸ್ವಾಮಿ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಹೆಬ್ಬೆರಳು ತೆಗೆದು, ಎದ್ದು, ಕಪಾಟಿನ ಮೇಲಿಂದ ಹಾಳೆ ತೆಗೆದು, ಅದಕ್ಕೆ ಸಹಿಯನ್ನೂ ಹಾಕಿ ಕೊಟ್ಟೇಬಿಟ್ಟರು! ಅವರು ಹಿಂತಿರುಗಿ ನೋಡುವಷ್ಟರಲ್ಲಿ ನೀರು ಹೊಸ್ತಿಲು ದಾಟಿ ಮರದ ನೆಲದ ಮೇಲೆ ಹಾಯಾಗಿ ಮೈಚಾಚಿತ್ತು.

ಮುಂಬಾಗಿಲು ತೆರೆದದ್ದು ಆ ಹೊತ್ತಿಗೆ. ಟೈಮ್‌ಕೀಪರಮ್ಮ ಹೊಸ್ತಿಲ ಮೇಲೆ ನಿಂತು ನೋಡಿದಳು. ಕುರ್ಚಿಗಳ ಮೇಲೆ ಕಾಲೆತ್ತಿ ಕೂತು ಬರೆಯುತ್ತಿದ್ದ ಮೂವರು, ಒದ್ದೆ ಕೋಳಿಯಂತಾದ ಗಂಡ, ತೇಲಿಬಂದು ಅವಳ ಪಾದಕ್ಕೆ ತಾಗಿ ನಿಂತ ಬೇಸನ್ನು. ಹೊರಗೆ ಹೋಗಿ ವಾಲ್ವ್ ತಿರುಗಿಸಿ ಬಂದಳು. ನೀರು ನಿಂತಿತು.

"ಹನ್ನೊಂದು ಐವತ್ತೊಂದು," ಎಂದಳು ಗಡಿಯಾರ ನೋಡಿ. "ನೆಲದ ವಿಚಾರ ಆಮೇಲೆ ಮಾತಾಡ್ತೀನಿ. ಇನ್ನು ಒಂಬತ್ತು ನಿಮಿಷ. ಯಾವ ಕಂಪನಿ?"

"ಮೌಲ್ಯಮಾಪನ ಆಗಿಲ್ಲ ಕಣೇ."

"ಮಾಡಿ. ನಿಂತ ಹಾಗೇ ಮಾಡಿ."

ಮೇಷ್ಟ್ರು ನೀರಲ್ಲಿ ತಡವಿ ಕನ್ನಡಕ ಹುಡುಕಿ ಮೂಗಿಗೇರಿಸಿ, ನಿಂತಲ್ಲೇ ಕೆಂಪು ಪೆನ್ನು ತೆಗೆದರು. ಟೈನವನ ವರದಿ: 'ಹಾನಿಗೆ ಕಾರಣ: ಮನೆಯ ಯಜಮಾನರು, ಸ್ಪ್ಯಾನರ್ ಸಮೇತ. ಪರಿಹಾರ ಇಲ್ಲ.' ಏಜೆಂಟಮ್ಮನ ವರದಿ: 'ಯಜಮಾನರು ಸ್ವಇಚ್ಛೆಯಿಂದ ಪೈಪ್ ಬಿಚ್ಚಿದರು. ಪರಿಹಾರ ಇಲ್ಲ.' ಮುದುಕನದು ಎರಡು ಪುಟ ಉದ್ದ, ಜೊತೆಗೊಂದು ಚಿತ್ರ. ಚಿತ್ರದಲ್ಲಿ ಮೇಷ್ಟ್ರ ಕಾಲುಗಳು ಮಾತ್ರ ಸಿಂಕಿನ ಕೆಳಗಿಂದ ಹೊರಗೆ ಕಾಣುತ್ತಿದ್ದವು. ಅದರಡಿ: 'ಯಜಮಾನರು ಒಮ್ಮೆ ನೀರು ತಡೆದು, ಪುನಃ ತಾವೇ ಬಿಟ್ಟರು. ಪರಿಹಾರ ಇಲ್ಲವೇ ಇಲ್ಲ.'

"ಯಾರು ಪಾಸು?"

ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಪ್ರಾಮಾಣಿಕ ಮನುಷ್ಯ, ಏನು ಮಾಡಿಯಾರು? "ಮೂವರಿಗೂ ಪೂರ್ತಿ ಅಂಕ," ಎಂದರು.

ಅವಳು ಮೂವರ ಕಡೆ ತಿರುಗಿದಳು. "ಹೇಳಿ, ಈ ಮನೆಗೆ ಈಗ ವಿಮೆ ಕೊಡೋರು ಯಾರು?"

ಟೈ ಏಜೆಂಟ ಟೈ ಸಡಿಲಿಸಿದ. "ಮನೆ ಚೆನ್ನಾಗಿದೆ ಮೇಡಂ. ಆದರೆ ಕಣ್ಣಾರೆ ನೋಡಿಬಿಟ್ಟೆ." ಏಜೆಂಟಮ್ಮ ಮೊದಲ ಬಾರಿಗೆ ನಗು ನಿಲ್ಲಿಸಿ, "ನನಗೂ ಮಕ್ಕಳಿದಾರೆ ಅಕ್ಕ, ಕೆಲಸ ಉಳೀಬೇಕು," ಎಂದಳು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿದರು.

ಗಡಿಯಾರ ಹನ್ನೊಂದು ಐವತ್ತಾರು ತೋರಿಸುತ್ತಿತ್ತು. ಟೈಮ್‌ಕೀಪರಮ್ಮನ ಮುಖ ಕೊನೆಯ ಬಸ್ಸು ತಪ್ಪಿಸಿಕೊಂಡವರ ಮುಖದಂತಾಯಿತು. ಅದನ್ನು ನೋಡಿದ ಮೇಷ್ಟ್ರಿಗೆ, ಈ ನೀರು ಇನ್ನೂ ನಾಲ್ಕಡಿ ಆಳ ಇರಬಾರದಿತ್ತೇ ಎನ್ನಿಸಿತು.

ಚೀಲದ ಮುದುಕ ಕೆಮ್ಮಿದ. "ನಾನು ಕೊಡ್ತೀನಿ ತಾಯಿ. ಇಂಥ ಮನೆಗಳು ನಮ್ಮ ಕಂಪನಿಗೆ ಹೊಸದಲ್ಲ. ಒಂದು ಷರತ್ತು ಮಾತ್ರ ಸೇರಿಸಬೇಕಾಗುತ್ತೆ. ಇನ್ನು ಮೇಲಾಗೋ ಹಾನಿಗೆ ಮಾತ್ರ, ಈ ನೆಲಕ್ಕಲ್ಲ."

ಅವನು ಗೀಚಿದ, ಅವಳು ಓದಿದಳು, ಸಹಿ ಹಾಕಿದಳು. ಹನ್ನೊಂದು ಐವತ್ತೊಂಬತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಂದು ಕಾಗದದ ಮೇಲೆ ಬಗ್ಗಿದರು. 'ಮನೆಯಲ್ಲಿರುವ ಅಪಾಯಕಾರಿ ವಸ್ತುಗಳು' ಎಂಬ ಪಟ್ಟಿ. ಒಂದು, ಗ್ಯಾಸ್ ಸಿಲಿಂಡರ್. ಎರಡು, ಸೀಮೆಎಣ್ಣೆ. ಮೂರು, ಮುದುಕನ ದುಂಡು ಅಕ್ಷರದಲ್ಲಿ, ಮನೆಯ ಯಜಮಾನರು. 'ನಲ್ಲಿ, ಪೈಪು, ತಂತಿಗಳಿಂದ ಆರು ಅಡಿ ದೂರದಲ್ಲಿ ಇಡತಕ್ಕದ್ದು. ಉಸ್ತುವಾರಿಯಿಲ್ಲದೆ ಒಂಟಿಯಾಗಿ ಬಿಡತಕ್ಕದ್ದಲ್ಲ.'

"ಇದೇನೇ ಇದು? ನನ್ನನ್ನ ಸೀಮೆಎಣ್ಣೆ ಪಕ್ಕ ಬರೆದಿದಾರೆ?"

"ಸೀಮೆಎಣ್ಣೆ ಏನೂ ಆಕ್ಷೇಪ ಮಾಡಲಿಲ್ಲ ಬಿಡಿ," ಎಂದಳು ಅವಳು, ಕಾಗದ ಮಡಿಸುತ್ತ.

ಮೇಷ್ಟ್ರು ಆದದ್ದಕ್ಕೆ ಪ್ರಾಯಶ್ಚಿತ್ತವಾಗಿ ನೆಲವನ್ನಾದರೂ ಒರೆಸೋಣವೆಂದು ಬಟ್ಟೆ ಹಿಂಡಲು ಮೆಲ್ಲಗೆ ಸಿಂಕಿನ ಕಡೆ ಹೆಜ್ಜೆ ಹಾಕಿದರು. ಅವರ ಹೆಂಡತಿ ಕಣ್ಣಳತೆಯಲ್ಲೇ ದೂರ ನೋಡಿದಳು.

"ಅಲ್ಲೇ ನಿಲ್ಲಿ. ಐದೂವರೆ ಅಡಿಗೆ ಬಂದಿದ್ದೀರಿ."

ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.